ನಲವತ್ತೆರಡನೇ ನಂಬರಿನ ಸರದಿ

ಮಕ್ಕಳನ್ನು ಶಾಲೆಯ ಗೇಟು ದಾಟಿಸಿ ಹೊರಗೆ ಕರೆದುಕೊಂಡು ಹೋದ ದಿನ ಏನೂ ಆಗದೆ ನಾನು ಮನೆಗೆ ಬಂದದ್ದು ನೆನಪಿಲ್ಲ. ಅಂಚೆ ಕಚೇರಿ ತೋರಿಸಲು ಹೋದಾಗ ಒಬ್ಬ ತನ್ನ ಟಿಫಿನ್ ಚಮಚವನ್ನು ಟಪಾಲು ಡಬ್ಬಿಗೆ ಹಾಕಿಬಿಟ್ಟ. ಅಗ್ನಿಶಾಮಕ ಠಾಣೆಗೆ ಹೋದಾಗ ಒಬ್ಬಳು ಗಂಟೆ ಬಾರಿಸಿದಳು. ಗಾಡಿ ಹೊರಟೇಬಿಟ್ಟಿತು. ಒಳಗೆ ನಮ್ಮ ಮೂವರು ಹುಡುಗರು ಕೂತಿದ್ದರು.

ನಾನು ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಇರುವ ಒಂದು ಶಾಲೆಯಲ್ಲಿ ಕನ್ನಡ ಮಿಸ್ಸು. ಹುಟ್ಟಾ ಗಾಬರಿಯವಳು. ಒಂದು ಕಡೆ ಕೂರುವುದು ನನ್ನ ಜಾತಕದಲ್ಲೇ ಇಲ್ಲ. ಮಕ್ಕಳನ್ನು ಹತ್ತು ನಿಮಿಷಕ್ಕೊಮ್ಮೆ ಎಣಿಸದಿದ್ದರೆ ನನಗೆ ಉಸಿರು ಕಟ್ಟುತ್ತದೆ. ಇಂಥವಳನ್ನೇ ಹುಡುಕಿ, ನಮ್ಮ ಹೆಡ್ಮೇಡಂ ಏಳನೇ ಕ್ಲಾಸಿನ ನಲವತ್ತೆರಡು ಮಕ್ಕಳ ಜೊತೆ ಎರಡು ದಿನದ ಸಾಹಸ ಶಿಬಿರಕ್ಕೆ ಕಳಿಸಿದರು. ಜೊತೆಗೆ ಪಿ.ಟಿ. ಮೇಷ್ಟ್ರು. ಅವರಿಗೆ ಬೆನ್ನುನೋವು.

ಒಪ್ಪಿಗೆ ಪತ್ರ

ಶಿಬಿರದವರು ಒಂದು ಅರ್ಜಿ ಕಳಿಸಿದ್ದರು. ತಂದೆ ತಾಯಿ ತುಂಬಿ ಸಹಿ ಹಾಕಬೇಕು. ವಾಪಸು ಬಂದವನ್ನು ಓದುತ್ತಾ ನಾನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಗುತ್ತಿದ್ದೆ.

'ನಿಮ್ಮ ಮಗುವಿಗೆ ಈಜು ಬರುತ್ತದೆಯೇ?' ಎಂಬುದಕ್ಕೆ ಒಬ್ಬರು ಬರೆದಿದ್ದರು: 'ನಮ್ಮ ಬಾವಿಯಲ್ಲಿ ಬರುತ್ತದೆ. ಬೇರೆ ಕಡೆ ನೋಡಿಲ್ಲ.' 'ಎತ್ತರದ ಭಯವಿದೆಯೇ?' ಎಂಬುದಕ್ಕೆ ಇನ್ನೊಬ್ಬರು: 'ತೆಂಗಿನ ಮರ ಹತ್ತುತ್ತಾನೆ. ಇಳಿಸಲು ನಾವು ಹೋಗಬೇಕು.' 'ತುರ್ತು ಸಂದರ್ಭದಲ್ಲಿ ಯಾರಿಗೆ ಫೋನ್ ಮಾಡಬೇಕು?' ಎಂಬ ಜಾಗದಲ್ಲಿ ದೊಡ್ಡಆಲಹಳ್ಳಿ ಕಡೆಯ ಒಬ್ಬ ತಾಯಿ ದುಂಡಗೆ ಬರೆದಿದ್ದಳು: 'ನಮಗೆ ಬೇಡ, ಗಾಬರಿಯಾಗುತ್ತದೆ. ನೀವೇ ನೋಡಿಕೊಳ್ಳಿ.'

ಒಂದು ಪತ್ರ ಮಾತ್ರ ಬರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೊನೆಯವಳು, ನಲವತ್ತೆರಡನೇ ನಂಬರಿನ ಹುಡುಗಿಯದು. ಊರು ಕೈಲಾಂಚದ ಹತ್ತಿರ. ಶಿಬಿರದ ಕಾಗದದಲ್ಲಿ ಹಗ್ಗ ಹಿಡಿದು ಬಂಡೆ ಇಳಿಯುವ ಚಿತ್ರ ನೋಡಿದ ದಿನದಿಂದ ಆ ಮಗುವಿನ ತಲೆಯಲ್ಲಿ ಬೇರೇನೂ ಇರಲಿಲ್ಲ. ಪ್ರಬಂಧ ಬರೆಯಲು ಹೇಳಿದರೆ 'ಮಳೆಗಾಲ' ಎಂದು ಶುರು ಮಾಡಿ, ಮೂರನೇ ಸಾಲಿಗೆ ಹಗ್ಗ ಹಿಡಿದು ಇಳಿದುಬಿಡುತ್ತಿದ್ದಳು.

ಕೊನೆಗೆ ಅವಳ ಅಪ್ಪನೇ ಬಂದರು. ತಲೆಯ ಮೇಲೆ ಟವೆಲು, ಕೈಯಲ್ಲಿ ಗಾಡಿಯ ಕೀಲಿ. ನಿಂತಲ್ಲಿ ನಿಲ್ಲದ ಮನುಷ್ಯ, ನನ್ನ ಹಾಗೆಯೇ.

"ಮಿಸ್, ಮನೇಲಿ ಹುಳ ನಾಕನೇ ಜ್ವರ ಎದ್ದವೆ. ಭಾನ್ವಾರಕ್ಕೆ ಹಣ್ಣಾಯ್ತವೆ. ನಮ್ಮನೆಯವ್ಳು ಕೈ ಮುರ್ಕೊಂಡು ಪಟ್ಟಿ ಹಾಕಿಸ್ಕೊಂಡು ಕೂತವ್ಳೆ. ಆವತ್ತು ಮಗಳು ಮನೇಲಿ ಇರ್ಲೇಬೇಕು."

ರೇಷ್ಮೆ ಹುಳ ಕೊನೆಯ ಸಲ ಪೊರೆ ಬಿಟ್ಟು ಏಳುವುದೇ ನಾಕನೇ ಜ್ವರ. ಅದಾದ ವಾರಕ್ಕೆ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಮಿರುಗಿ, ನೂಲು ಬಿಡಲು ತಲೆ ಎತ್ತಿದರೆ ಅದು ಹಣ್ಣಾಯಿತು ಎಂದರ್ಥ. ಆವತ್ತೇ ಒಂದೊಂದನ್ನೂ ಕೈಯಲ್ಲಿ ಆರಿಸಿ, ಚಂದ್ರಿಕೆ ಎನ್ನುವ ಬಿದಿರಿನ ತಟ್ಟೆಗೆ ಬಿಡಬೇಕು. ಕೈ ಸಾಲದೆ ತಡವಾದರೆ ಸಿಕ್ಕ ಸಿಕ್ಕಲ್ಲಿ ಗೂಡು ಕಟ್ಟಿ, ಒಂದು ತಿಂಗಳ ದುಡಿಮೆ ಹಾಳು. ನಮ್ಮ ಕಡೆ ಇದು ಗೊತ್ತಿಲ್ಲದವರಿಲ್ಲ.

"ಶಿಬಿರ ಇರೋದು ಶುಕ್ರವಾರ, ಶನಿವಾರ," ಎಂದೆ. "ಭಾನುವಾರ ನಿಮ್ಮ ಮನೇಲಿರ್ತಾಳೆ. ಅಕಸ್ಮಾತ್ ಮೊದಲೇ ಹಣ್ಣಾದ್ರೆ ನೀವು ಬಂದು ಕರೆದ ಗಳಿಗೆಗೆ ಕಳಿಸಿಕೊಡ್ತೀನಿ. ಇದು ನನ್ನ ಮಾತು."

ಅವರು ಸಹಿ ಹಾಕಿ, ಮಗಳ ಮುಖ ನೋಡಿ, "ಅಲ್ಲ ಕಣವ್ವ, ಬೆಟ್ಟ ಇಳಿಯಕ್ಕೆ ಹಗ್ಗ ಯಾಕೆ? ನಾವು ದಿನಾ ಇಳೀತೀವಲ್ಲ?" ಎಂದರು.

"ನೀನು ದಾರೀಲಿ ಇಳೀತೀಯ ಕಣಪ್ಪ," ಎಂದಳು ಹುಡುಗಿ. "ನಾನು ದಾರಿ ಇಲ್ದಿರೋ ಕಡೆ ಇಳೀಬೇಕು."

ದಟ್ಟವಾದ ಕಾಡು

ಶಿಬಿರದ ಜಾಗ ಕೈಲಾಂಚದ ಆಚೆ, ಬಂಡೆ ಬೆಟ್ಟದ ಬುಡದಲ್ಲಿ. ತರಬೇತುದಾರ ಬೆಂಗಳೂರಿನವನು. ಎತ್ತರದ ಆಳು, ಕಪ್ಪು ಕನ್ನಡಕ, ಸೊಂಟದ ತುಂಬ ಕೊಂಡಿಗಳು. ನಡೆದರೆ ಗಂಟೆ ಕಟ್ಟಿದ ಎತ್ತು ಬಂದ ಹಾಗೆ ಸದ್ದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಗಂಭೀರವಾಗಿ ಭಾಷಣ ಶುರು ಮಾಡಿದ.

"ಮಕ್ಕಳೇ, ಈಗ ನೀವು ಕಾಡಿನಲ್ಲಿದ್ದೀರಿ. ಮನೆಯಿಂದ ದೂರ. ಇಲ್ಲಿ ನಿಮಗೆ ಗೊತ್ತಿರುವವರು ಯಾರೂ ಇಲ್ಲ."

"ಸಾರ್," ಎಂದು ಒಬ್ಬ ಕೈ ಎತ್ತಿದ. "ಅಲ್ಲಿ ಟೊಮೇಟೊ ಬಿಡಿಸ್ತಾ ಇರೋದು ನಮ್ ಚಿಕ್ಕಮ್ಮ."

ಚಿಕ್ಕಮ್ಮ ಅಲ್ಲಿಂದಲೇ ಕೈಬೀಸಿದಳು. ತರಬೇತುದಾರ ಕನ್ನಡಕ ತೆಗೆದು ನೋಡಿ, ಮತ್ತೆ ಹಾಕಿಕೊಂಡ.

ಮೊದಲ ಆಟ ದಾರಿ ಹುಡುಕುವುದು. ಆರು ಗುಂಪಿಗೆ ಆರು ನಕ್ಷೆ, ಆರು ದಿಕ್ಸೂಚಿ. ಕೆರೆ ಬಳಸಿ, ಕುರುಚಲು ದಾಟಿ, ಬೆಟ್ಟದ ಹಿಂದಿರುವ ಕೆಂಪು ಬಾವುಟ ಮುಟ್ಟಬೇಕು. ಎರಡು ಗಂಟೆ ಬೇಕು ಎಂದ. ಒಂದೊಂದು ಗುಂಪಿನ ಹಿಂದೆಯೂ ಅವನ ಕಡೆಯ ಒಬ್ಬೊಬ್ಬ. ನಾನು ಬಾವುಟದ ಹತ್ತಿರ ನಿಂತು, ಕೂತು, ಮತ್ತೆ ನಿಂತು, ಯಾವ ಗುಂಪು ಎಲ್ಲಿ ಬಿತ್ತೋ ಎಂದು ಒದ್ದಾಡುತ್ತಿದ್ದೆ.

ಹನ್ನೆರಡನೇ ನಿಮಿಷಕ್ಕೆ ನಾಲ್ಕನೇ ಗುಂಪು ಬಂತು, ಟ್ರ್ಯಾಕ್ಟರಿನಲ್ಲಿ. ಹಿಂದೆ ಹೋಗಬೇಕಾದ ತರಬೇತಿಯವನೂ ಗೊಬ್ಬರದ ಮೇಲೆ ಕೂತು ಬಂದಿದ್ದ.

"ಇದೇನ್ರೋ ಇದು! ದಿಕ್ಸೂಚಿ ನೋಡ್ಕೊಂಡು ಬರಬೇಕಾಗಿತ್ತು!" ಎಂದು ತರಬೇತುದಾರ ಕೂಗಾಡಿದ.

"ನೋಡ್ಕೊಂಡೇ ಬಂದ್ವಿ ಸಾರ್," ಎಂದಳು ಗುಂಪಿನ ನಾಯಕಿ. "ಟ್ರ್ಯಾಕ್ಟ್ರೂ ಅದೇ ದಿಕ್ಕಿಗೆ ಬರ್ತಿತ್ತು."

ಊಟದ ಹೊತ್ತಿಗೆ ಬೇಲಿಯಾಚೆ ಏಳು ಸ್ಕೂಟರು ನಿಂತಿದ್ದವು. ಒಬ್ಬರು ಮಗನ ಸ್ವೆಟರ್ ತಂದಿದ್ದರು, ಇನ್ನೊಬ್ಬರು ಹುರುಳಿಕಾಳಿನ ಸಾರು. "ಇಲ್ಲೇ ಬಂದಿದ್ವಿ, ಹಂಗೇ ನೋಡ್ಕೊಂಡ್ ಹೋಗಣಾಂತ," ಎಂದು ಎಲ್ಲರದೂ ಒಂದೇ ಮಾತು. ಎಲ್ಲಿಗೆ ಬಂದಿದ್ದಿರಿ ಎಂದು ಕೇಳಿದರೆ ಮಾತ್ರ ಎಲ್ಲರೂ ಸ್ಕೂಟರಿನ ಕನ್ನಡಿ ಒರೆಸತೊಡಗಿದರು.

ವಿಡಿಯೊ ಕಾಲ್

ಹಗ್ಗದಲ್ಲಿ ಇಳಿಯುವ ಕಾರ್ಯಕ್ರಮ ಇದ್ದದ್ದು ಶುಕ್ರವಾರ ಮಧ್ಯಾಹ್ನ. ನಲವತ್ತೆರಡನೇ ನಂಬರು ಬೆಳಗ್ಗೆಯೇ ಹೆಲ್ಮೆಟ್ ಹಾಕಿಕೊಂಡು ಓಡಾಡುತ್ತಿದ್ದಳು. ಗಂಟೆಗೊಂದು ಸಲ ನನ್ನ ಹತ್ತಿರ ಬಂದು, "ಮಿಸ್, ನನ್ ಸರದಿ ಎಷ್ಟೊತ್ಗೆ?" ಎನ್ನುವಳು. "ಕೊನೇಗೆ ಕಣಮ್ಮ" ಎಂದರೆ, "ಕೊನೇಗೆ ಅಂದ್ರೆ ಎಷ್ಟೊತ್ಗೆ?" ಎನ್ನುವಳು.

ಬಂಡೆಯ ಬುಡಕ್ಕೆ ಹೋದೆವು. ಅಲ್ಲಿ ಮೇಕೆ ಕಾಯುತ್ತಿದ್ದ ಮುದುಕರೊಬ್ಬರು ತರಬೇತುದಾರನನ್ನು ಮೂಸಿ ನೋಡಿದರು.

"ಏನಪ್ಪ, ಸೆಂಟ್ ಹಾಕ್ಕೊಂಡಿದ್ದೀಯ?"

"ಬಾಡಿ ಸ್ಪ್ರೇ ತಾತ."

"ಮ್ಯಾಲೆ ನೋಡು."

ಮೇಲೆ ನೋಡಿದೆವು. ಬಂಡೆಯ ಅಂಚಿಗೆ ಮೂರು ಹೆಜ್ಜೇನಿನ ಗೂಡು, ಒಂದೊಂದೂ ಮೊರದಗಲ.

"ಎಲ್ರೂ ಮಕಾಡೆ ಮಲೀಕಳಿ. ಅಲ್ಲಾಡ್ಬ್ಯಾಡಿ, ಉಸಿರೆತ್ಬ್ಯಾಡಿ. ನಾಕ್ ಹುಳ ಎದ್ದವೆ, ತಾವೇ ಹೊಂಟೋಯ್ತವೆ," ಎಂದರು ತಾತ.

ನಲವತ್ತೆರಡು ಮಕ್ಕಳೂ ಧೊಪ್ಪೆಂದು ಬೋರಲು ಬಿದ್ದರು. ತರಬೇತುದಾರ ಬಿದ್ದ. ಬೆನ್ನುನೋವಿನ ಪಿ.ಟಿ. ಮೇಷ್ಟ್ರು ಎಲ್ಲರಿಗಿಂತ ಮೊದಲೇ ಬಿದ್ದಿದ್ದರು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ನಾನು ಮಕ್ಕಳನ್ನು ಇಷ್ಟು ಸದ್ದಿಲ್ಲದೆ ಕಂಡಿರಲಿಲ್ಲ.

ಆಗ ನನ್ನ ಫೋನು ನಡುಗಿತು. ಹೆಡ್ಮೇಡಂ. ಗಂಟೆಗೊಮ್ಮೆ ವಿಡಿಯೊ ಕಾಲ್ ಮಾಡಿ ಮಕ್ಕಳನ್ನು ತೋರಿಸಬೇಕು ಎಂಬುದು ಅವರ ಅಪ್ಪಣೆ. ಎತ್ತದಿದ್ದರೆ ಮತ್ತೆ ಮತ್ತೆ ಮಾಡುತ್ತಾರೆ. ಜೇನು ಕೆರಳೀತು ಎಂದು ಮಲಗಿದಲ್ಲಿಂದಲೇ ಎತ್ತಿ, ಮಾತಾಡದೆ, ಫೋನನ್ನು ಸುತ್ತ ತಿರುಗಿಸಿ ತೋರಿಸಿದೆ.

ಅವರಿಗೆ ಕಂಡದ್ದು ಬಂಡೆಯ ಬುಡದಲ್ಲಿ ಅಲ್ಲಾಡದೆ ಬಿದ್ದಿರುವ ನಲವತ್ತೆರಡು ಮಕ್ಕಳು, ಒಬ್ಬ ಮೇಷ್ಟ್ರು, ಒಬ್ಬ ತರಬೇತುದಾರ.

"ಅಯ್ಯೋ ದೇವ್ರೇ! ಏನಾಯ್ತ್ರೀ?"

"ಆಮೇಲೆ ಹೇಳ್ತೀನಿ ಮೇಡಂ," ಎಂದು ಪಿಸುಗುಟ್ಟಿ ಕಟ್ ಮಾಡಿದೆ. ಈಗ ಯೋಚಿಸಿದರೆ ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿರಲಿಲ್ಲ.

ಅರ್ಧ ಗಂಟೆಯಲ್ಲಿ ಮೇಡಂ ಕಾರು ಬಂತು, ಹಿಂದೆಯೇ ಆಂಬುಲೆನ್ಸು. ಅಷ್ಟರಲ್ಲಿ ಜೇನು ಹೋಗಿ, ಮಕ್ಕಳು ಕಡಲೆಪುರಿ ತಿನ್ನುತ್ತಿದ್ದರು. ಮೇಡಂ ಇಳಿದು, ಎಲ್ಲರನ್ನೂ ಎಣಿಸಿ, ಒಂದು ಕಲ್ಲಿನ ಮೇಲೆ ಕುಸಿದು ಕೂತರು. ಅವರ ರಕ್ತದೊತ್ತಡ ನೋಡಿದ ಆಂಬುಲೆನ್ಸಿನವರು, "ಖಾಲಿ ಹೋಗೋದು ಬೇಡ" ಎಂದು ಅವರನ್ನೇ ಹತ್ತಿಸಿಕೊಂಡು ಹೋದರು.

ಕೂಗಿ ಹೇಳಿ

ಹಗ್ಗ ನಾಳೆಗೆ ಹೋಯಿತು. ಬೇರೆ ಬಂಡೆ ನೋಡಿ ಕಟ್ಟಬೇಕು. ನಲವತ್ತೆರಡನೇ ನಂಬರಿನ ಮುಖ ನೋಡಲಾಗಲಿಲ್ಲ. ನಾಳೆ ಎಂದರೆ ಶನಿವಾರ, ಹುಳಕ್ಕೆ ಇನ್ನೂ ಒಂದು ದಿನ ಹತ್ತಿರ.

ಉಳಿದ ಹೊತ್ತಿಗೆ ಎರಡು ಮರದ ನಡುವೆ ಹಗ್ಗದ ಸೇತುವೆ ದಾಟಿಸಿದರು. 'ಉಸಿರು ಎಳ್ಕೊಳ್ಳಿ, ಕೆಳಗೆ ನೋಡಬೇಡಿ, ಹಗ್ಗದ ಮೇಲೆ ನಂಬಿಕೆ ಇಡಿ' ಎಂದು ತರಬೇತುದಾರ ಒಬ್ಬೊಬ್ಬರಿಗೂ ಹೇಳಿಕೊಡುತ್ತಿದ್ದ. ಆಟಿಕೆ ಮಾಡುವವರ ಮನೆಯ ಒಬ್ಬ ಹುಡುಗ, ಚನ್ನಪಟ್ಟಣದವನು, ನಡುವೆ ನಿಂತುಬಿಟ್ಟ. ಮುಂದಕ್ಕೂ ಬರ, ಹಿಂದಕ್ಕೂ ಹೋಗ.

"ಭಯವನ್ನು ಒಳಗೆ ಇಟ್ಕೋಬೇಡ!" ಎಂದು ತರಬೇತುದಾರ ಕೆಳಗಿಂದ ಕೂಗಿದ. "ಬಾಯಿಬಿಟ್ಟು ಜೋರಾಗಿ ಕೂಗು, ಹೋಗಿಬಿಡುತ್ತೆ!"

"ಅಮ್ಮೀ!" ಎಂದು ಹುಡುಗ ಕೂಗಿದ.

"ಕ್ಯಾ ರೇ?" ಎಂದಿತು ಬೇಲಿಯ ಹಿಂದಿನಿಂದ ಒಂದು ದನಿ.

ಮೂಗಿನ ತಪಾಸಣೆ

ಶನಿವಾರ ಬೆಳಗ್ಗೆ ಎಂಟೂವರೆಗೆ ತರಬೇತುದಾರನ ಕಡೆಯವರು ಹೊಸ ಬಂಡೆಗೆ ಹಗ್ಗ ಕಟ್ಟಲು ಮೇಲೆ ಹೋಗಿದ್ದರು. ಮಧ್ಯಾಹ್ನಕ್ಕೆ ಸಿದ್ಧ ಎಂದಿದ್ದರು. ಅಷ್ಟು ಹೊತ್ತಿಗೆ ಗಾಡಿ ಸದ್ದು. ಹುಡುಗಿಯ ಅಪ್ಪ. ಗಾಡಿ ನಿಲ್ಲಿಸಲೂ ಇಲ್ಲ, ಒಂದು ಕಾಲು ನೆಲಕ್ಕಿಟ್ಟು ಅಲ್ಲಿಂದಲೇ ಕೂಗಿದರು.

"ಹುಳ ಹಣ್ಣಾಗ್ಬುಟ್ಟವು ಮಿಸ್! ಸೆಕೆಗೆ ಒಂದಿನ ಮುಂಚೇನೇ ಆಗ್ಬುಟ್ಟವು! ಕೂಲಿಯವ್ರು ಒಬ್ರೂ ಸಿಗ್ತಿಲ್ಲ, ಊರಲ್ಲೆಲ್ಲ ಇವತ್ತೇ ಹಣ್ಣು. ಕಳಿಸ್ರವ್ವ ಮಗೀನ!"

ಹುಡುಗಿ ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವಳು ಹೆಲ್ಮೆಟ್ ತೆಗೆದು, ಅದರ ಪಟ್ಟಿಯನ್ನು ಮಡಿಸಿ ಒಳಗಿಟ್ಟು, ನನ್ನ ಕೈಗೆ ಕೊಟ್ಟು, ಗಾಡಿಯ ಕಡೆ ನಡೆದಳು. ಮಾತು ಕೊಟ್ಟವಳು ನಾನು. ನನಗೆ ನನ್ನ ಮೇಲೇ ಸಿಟ್ಟು ಬಂತು.

"ಎಷ್ಟು ಜನ ಬೇಕು ನಿಮಗೆ?" ಎಂದು ಕೇಳಿದೆ.

"ಹತ್ತಾಳು ಆದ್ರೆ ಮಧ್ಯಾನಕ್ಕೆ ಮುಗೀತದೆ. ಮನೇಲಿರೋದು ನಾನು, ನಮ್ಮವ್ವ, ಒಂದು ಮುರುದ್ ಕೈ."

"ನಲವತ್ತೆರಡು ಜನ ಇದ್ದೀವಿ. ನಡೀರಿ."

ಅವರ ಮನೆ ಅಷ್ಟೇನೂ ದೂರವಿರಲಿಲ್ಲ. ಗದ್ದೆ ಬದುವಿನ ಮೇಲೆ ಹದಿನೈದು ನಿಮಿಷದ ಹಾದಿ. ಮಕ್ಕಳು ಯುದ್ಧಕ್ಕೆ ಹೋಗುವವರ ಹಾಗೆ ಹೊರಟರು. ತರಬೇತುದಾರನೂ, "ಇದು ತಂಡವಾಗಿ ಕೆಲಸ ಮಾಡೋ ಚಟುವಟಿಕೆ ಅಂತ ಬರ್ಕೋತೀನಿ" ಎಂದು ಜೊತೆಗೆ ಬಂದ. ಹುಳದ ಮನೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಹುಡುಗಿಯ ಅಜ್ಜಿ ಮೂಗು ಮುಚ್ಚಿಕೊಂಡು ಎರಡೂ ಕೈ ಅಡ್ಡ ಹಿಡಿದರು.

"ನಿಂತ್ಕಳಿ! ಏನ್ ಬಳ್ಕೊಂಡ್ ಬಂದಿದ್ದೀರಿ?"

ನನಗೆ ಆಗ ನೆನಪಾಯಿತು. ಎರಡು ಗಂಟೆಗೊಮ್ಮೆ ಎಲ್ಲ ಮಕ್ಕಳಿಗೂ ಸೊಳ್ಳೆ ಮುಲಾಮು ಹಚ್ಚಬೇಕು ಎಂಬುದು ಶಿಬಿರದ ನಿಯಮ. ಹಚ್ಚಿಸಿದವಳು ನಾನೇ, ಒಬ್ಬರನ್ನೂ ಬಿಡದೆ, ಕಿವಿಯ ಹಿಂದೆಯೂ. ರೇಷ್ಮೆ ಹುಳಕ್ಕೆ ಆ ವಾಸನೆ ಎಂದರೆ ವಿಷ. ರೇಷ್ಮೆ ಸೀಮೆಯಲ್ಲೇ ಹುಟ್ಟಿ ಬೆಳೆದವಳು ನಾನು, ಸಹಾಯಕ್ಕೆಂದು ನಲವತ್ತೆರಡು ವಿಷದ ಬಾಟಲಿಗಳನ್ನು ಸಾಲಾಗಿ ಕರೆದುಕೊಂಡು ಬಂದಿದ್ದೆ.

ಪಂಪು ಹಾಕಿದರು. ಹಿಪ್ಪನೇರಳೆ ತೋಟದ ತೊಟ್ಟಿಯಲ್ಲಿ ಬಟ್ಟೆ ಸಮೇತ ಸಾಮೂಹಿಕ ಸ್ನಾನ. ಸೋಪು ಕೂಡದು, ಸೀಗೆಪುಡಿ. ಉಜ್ಜಿಕೊಂಡು, ಬಿಸಿಲಿಗೆ ಆರಿ ಬಂದವರನ್ನು ಅಜ್ಜಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಒಬ್ಬೊಬ್ಬರನ್ನೇ ಮೂಸಿ ಒಳಗೆ ಬಿಟ್ಟರು. ವಿಮಾನ ನಿಲ್ದಾಣದಲ್ಲೂ ಅಂಥ ತಪಾಸಣೆ ಇಲ್ಲ. ಹತ್ತು ಹನ್ನೆರಡು ಮಕ್ಕಳನ್ನು "ಕಿವಿ ಹಿಂದೆ ಹಂಗೇ ಐತೆ, ನಡಿ" ಎಂದು ವಾಪಸು ಕಳಿಸಿದರು. ಪಿ.ಟಿ. ಮೇಷ್ಟ್ರು ಮೂರು ಸಲ ಸ್ನಾನ ಮಾಡಿ ಮೂರು ಸಲವೂ ಫೇಲಾದರು. ಬೆನ್ನಿಗೆ ವರ್ಷಗಟ್ಟಲೆ ಹಚ್ಚಿದ ನೋವಿನ ಮುಲಾಮು ಮೂಳೆಯವರೆಗೂ ಇಳಿದಿತ್ತು. ಅವರನ್ನು ಜಗುಲಿಯಲ್ಲಿ ಕೂರಿಸಿ ಅವರೆಕಾಯಿ ಸುಲಿಯಲು ಕೊಟ್ಟರು.

ಒಳಗೆ ಮಕ್ಕಳು ಬೆರಳ ತುದಿಯಲ್ಲಿ ಹುಳ ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟರು. ಅರ್ಧ ಜನಕ್ಕೆ ಇದು ಮನೆಯ ಕೆಲಸ. ರೇಷ್ಮೆ ನೂಲು ಬಿಚ್ಚುವವರ ಮನೆಯ ಹುಡುಗಿಯೊಬ್ಬಳು, "ನಮ್ಮನೇಗೆ ಗೂಡೇ ಬರೋದು ಮಿಸ್, ಹುಳಾನ ಜೀವಂತ ನೋಡ್ತಿರೋದು ಇವತ್ತೇ" ಎಂದು ಪ್ರತಿಯೊಂದು ಹುಳದ ಕ್ಷೇಮ ಸಮಾಚಾರ ವಿಚಾರಿಸುತ್ತಿದ್ದಳು.

ತರಬೇತುದಾರ ತಪಾಸಣೆಯಲ್ಲಿ ಪಾಸಾಗಿ ಒಳಗೆ ಬಂದ. ನಲವತ್ತೆರಡನೇ ನಂಬರು ಒಂದು ಹಣ್ಣು ಹುಳವನ್ನು ಅವನ ಅಂಗೈ ಮೇಲಿಟ್ಟಳು. ಅದು ತಲೆ ಎತ್ತಿ ಅವನನ್ನು ನೋಡಿತು. ಆಳು ಮರಗಟ್ಟಿ ನಿಂತ. ಹಣೆಯ ಮೇಲೆ ಬೆವರು, ತುಟಿ ಬೆಳ್ಳಗೆ.

"ತೆಗಿ... ತೆಗೀರಿ ಇದನ್ನ..."

"ಸಾರ್," ಎಂದಳು ಹುಡುಗಿ, ನಿನ್ನೆ ಅವನು ಹೇಳಿಕೊಟ್ಟ ದನಿಯಲ್ಲೇ. "ಉಸಿರು ಎಳ್ಕಳಿ. ಕೆಳಗೆ ನೋಡ್ಬ್ಯಾಡಿ. ಹುಳದ್ ಮೇಲೆ ನಂಬ್ಕೆ ಇಡಿ."

ಕೊನೆಯ ನಂಬರು

ಎರಡು ಗಂಟೆಗೆ ಹುಳವೆಲ್ಲ ಚಂದ್ರಿಕೆ ಸೇರಿದವು. ಅಜ್ಜಿ ಎಲ್ಲರಿಗೂ ಮುದ್ದೆ, ಅವರೆಕಾಳು ಸಾರು ಬಡಿಸಿದರು. ಆದರೆ ಚಂದ್ರಿಕೆಗಳನ್ನು ಹೊರಗೆ ನೆರಳಿಗೆ ಸಾಗಿಸುವುದು, ತಟ್ಟೆ ತೊಳೆಯುವುದು ಎಲ್ಲ ಬಾಕಿ ಇತ್ತು. ಅದಕ್ಕೆ ಪಳಗಿದ ಕೈಯೇ ಬೇಕು.

"ನೀವು ನಡೀರಿ ಮಿಸ್," ಎಂದರು ಅಪ್ಪ. "ಅವಳ್ದು ಕೊನೇ ನಂಬ್ರು ತಾನೆ? ಅಷ್ಟೊತ್ಗೆ ನಾನೇ ಕರ್ಕೊಂಡ್ ಬತ್ತೀನಿ. ಇದು ನನ್ ಮಾತು."

ಹೊಸ ಬಂಡೆಯ ಮೇಲೆ ತರಬೇತುದಾರನ ಪಕ್ಕ ನಾನು ನಿಂತೆ. ಎರಡು ಹಗ್ಗ. ಅರಣ್ಯದವರು ಐದೂವರೆಯವರೆಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರು. ಮಕ್ಕಳು ಒಬ್ಬೊಬ್ಬರೇ ಇಳಿದರು. ಕೆಲವರು ನಗುತ್ತಾ, ಕೆಲವರು ಅಳುತ್ತಾ, ಒಬ್ಬ ಮಗ್ಗಿ ಹೇಳಿಕೊಳ್ಳುತ್ತಾ. ಹದಿನೈದು. ಇಪ್ಪತ್ತೆರಡು. ಮೂವತ್ತು. ನಾನು ಮಕ್ಕಳನ್ನು ನೋಡಲೇ ಇಲ್ಲ, ಬದುವಿನ ಕಡೆ ನೋಡುತ್ತಿದ್ದೆ. ಯಾವ ಗಾಡಿ ಸದ್ದಾದರೂ ತುದಿಗೆ ಓಡುವುದು, ಅದಲ್ಲ ಎಂದು ವಾಪಸು ಬರುವುದು.

"ಮೇಡಂ, ನಿಮ್ಮನ್ನೂ ಒಂದು ಹಗ್ಗಕ್ಕೆ ಕಟ್ಟಿಬಿಡ್ಲಾ?" ಎಂದ ತರಬೇತುದಾರ.

ಮೂವತ್ತೆಂಟು. ನಲವತ್ತು. ನಲವತ್ತೊಂದನೆಯವನು ಇಳಿದಾಗ ಐದೂಕಾಲು. ತರಬೇತುದಾರ ಹಗ್ಗ ಸುತ್ತಲು ಕೈ ಹಾಕಿದ. ನಾನು ಆ ಹಗ್ಗದ ಮೇಲೆ ಕಾಲಿಟ್ಟು ನಿಂತೆ.

"ಎರಡೇ ನಿಮಿಷ ಸಾರ್."

ಆಗ ಕೆಳಗೆ ಗಾಡಿ ನಿಂತಿತು. ಅದರ ಮೇಲೆ ಅಪ್ಪ, ಮಗಳು, ನಡುವೆ ಮುರಿದ ಕೈಯ ತಾಯಿ. ಹಿಂದೆ ನಡೆದುಕೊಂಡು ಅಜ್ಜಿ. ಮಗಳು ಇಳಿಯುವುದನ್ನು ನೋಡಲು ಮನೆಗೆ ಬೀಗ ಹಾಕಿಕೊಂಡು ಬಂದಿದ್ದರು. ಹುಡುಗಿ ಹಿಂದಿನ ದಾರಿಯಲ್ಲಿ ಓಡಿ ಹತ್ತಿ, ಏದುಸಿರು ಬಿಡುತ್ತಾ ನನ್ನ ಮುಂದೆ ನಿಂತಳು.

"ಮಿಸ್, ಈಗ ನನ್ ಸರದಿ ತಾನೆ?"

ನಾನೇ ಹೆಲ್ಮೆಟ್ ಕಟ್ಟಿದೆ.

ಅಂಚಿಗೆ ಬೆನ್ನು ಕೊಟ್ಟು ಅವಳು ಮೊದಲ ಹೆಜ್ಜೆ ಇಟ್ಟಿದ್ದೇ ತಡ, ಕೆಳಗಿಂದ ಅಪ್ಪನ ಅವಸರ ಶುರುವಾಯಿತು. "ಬಿರ್ನೆ ಇಳಿಯವ್ವ! ಆರು ಗಂಟೆಗೆ ಡೇರಿ ಮುಚ್ಬುಡ್ತಾರೆ! ಹಸು ಇನ್ನೂ ಕರೆದಿಲ್ಲ!"

ಅವಳು ನಾಲ್ಕು ಹೆಜ್ಜೆ ಇಳಿದಳು, ಐದು ಇಳಿದಳು. ಬಂಡೆಯ ನಡುವಿಗೆ ಬಂದು ನಿಂತುಬಿಟ್ಟಳು.

"ಏನಾಯ್ತು? ಸಿಕ್ಕಿಕೊಂಡೆಯಾ?" ಎಂದು ತರಬೇತುದಾರ ಗಾಬರಿಯಾದ.

"ಇಲ್ಲ ಸಾ. ಒಸಿ ನೋಡ್ತಾವ್ನಿ."

ಹಗ್ಗದಲ್ಲಿ ನೇತಾಡುತ್ತಾ, ಬಂಡೆಗೆ ಬೆನ್ನು ತಿರುಗಿಸಿ, ಕೆರೆ, ತೋಟ, ತೆಂಗಿನ ಸಾಲು ಎಲ್ಲವನ್ನೂ ಬಿಡುವಾಗಿ ನೋಡುತ್ತಿದ್ದಳು. ಎರಡು ದಿನದಿಂದ ನಾವೆಲ್ಲ ಓಡುತ್ತಲೇ ಇದ್ದೆವು. ಅಲ್ಲಾಡದೆ ಇದ್ದವಳು ಈಗ ಅವಳೊಬ್ಬಳೇ.

"ನೋಡೋದು ಆಮೇಲೆ, ಇಳೀ ಮೊದ್ಲು!" ಎಂದು ಅಪ್ಪ ಕೂಗಿದರು.

"ಅಪ್ಪೋ!" ಎಂದಳು ಅವಳು. "ನಮ್ ಹಸು ಬಿಚ್ಕೊಂಡೈತೆ ಕಣಪ್ಪೋ! ಪಕ್ಕದ್ ಗೌಡ್ರ ಹಿಪ್ಪನೇರಳೆ ತೋಟಕ್ಕೆ ನುಗ್ಗೈತೆ!"

ಊರಲ್ಲಿ ಆ ಗೌಡರ ಮನೆಯ ಹುಳ ಮಾತ್ರ ಹಣ್ಣಾಗದೆ ಇನ್ನೂ ಮೇಯುತ್ತಿದ್ದವು, ಸೊಪ್ಪೆಂದರೆ ಅವರಿಗೆ ಪ್ರಾಣ. ಅಪ್ಪ ಗಾಡಿಯನ್ನೂ ಮರೆತು ಬದುವಿನ ಮೇಲೆ ಓಟ ಕಿತ್ತರು. ಆದರೆ ಆಳೆತ್ತರದ ಹಿಪ್ಪನೇರಳೆಯೊಳಗೆ ಹಸು ಎಲ್ಲಿದೆ ಎಂದು ಅವರಿಗೆ ಕಾಣುವುದಾದರೂ ಹೇಗೆ? ಮೇಲಿಂದ ಮಗಳಿಗೆ ಕಾಣುತ್ತಿತ್ತು.

"ಎಡಕ್ಕಪ್ಪೋ! ಇನ್ನೂ ಎಡಕ್ಕೆ!"

ಅವಳ ದನಿ ಅಲ್ಲಿಯವರೆಗೆ ಮುಟ್ಟದು. ಕೆಳಗಿದ್ದ ನಲವತ್ತೊಂದು ಮಕ್ಕಳು ಬದುವಿನುದ್ದಕ್ಕೂ ಸಾಲಾಗಿ ನಿಂತು, ಒಬ್ಬರಿಂದ ಒಬ್ಬರಿಗೆ ಕೂಗು ದಾಟಿಸಿದರು. "ಎಡಕ್ಕೆ!" "ಎಡಕ್ಕಂತೆ!" "ಮೂರನೇ ಸಾಲು!" "ಮೂರನೇ ಸಾಲಂತೆ!" ಅಪ್ಪ ಮೂರನೇ ಸಾಲಿಗೆ ಹೋಗುವಷ್ಟರಲ್ಲಿ ಹಸು ಐದನೆಯದಕ್ಕೆ.

ಗಡಿಯಾರ ನೋಡಿಕೊಂಡ ತರಬೇತುದಾರ, "ಐದೂವರೆ ಆಗ್ತಾ ಬಂತು, ನಾನು ಅವಳನ್ನ ಇಳಿಸ್ತೀನಿ" ಎಂದು ಹಗ್ಗ ಸಡಿಲ ಮಾಡಿದ. ಹುಡುಗಿ ಒಂದಡಿ ಕೆಳಗೆ ಜಾರಿದ್ದು ತೋಟದಿಂದಲೇ ಅವಳ ಅಪ್ಪನಿಗೆ ಕಂಡಿರಬೇಕು. ಡೇರಿ ಮುಚ್ಚುತ್ತದೆ ಎಂದು ಬಡಕೊಳ್ಳುತ್ತಿದ್ದ ಅದೇ ಮನುಷ್ಯನ ಕೂಗು ಮಕ್ಕಳ ಸಾಲು ಹಿಡಿದು ಮೇಲಕ್ಕೆ ಬಂತು.

"ಇಳಿಸ್ಬ್ಯಾಡಿ!" "ಇಳಿಸ್ಬ್ಯಾಡಿ ಅಂತೆ!" "ಹಸು ಸಿಗೋಗಂಟ ಅವ್ಳು ಅಲ್ಲೇ ಇರ್ಲಂತೆ!"

ಮಿಕ್ಕವರೆಲ್ಲ ಮೂರು ನಿಮಿಷಕ್ಕೆ ಇಳಿದಿದ್ದರು. ಇವಳು ಕಾಲು ಗಂಟೆ ಅಲ್ಲೇ ಕೂತು, ಬಲಕ್ಕೆ, ಎಡಕ್ಕೆ, ಬೇಲಿ ಹತ್ತಿರ ಎಂದು ಅಪ್ಪನನ್ನು ಓಡಿಸಿದಳು. ಕೊನೆಗೆ ಹಸುವಿನ ಹಗ್ಗ ಅಪ್ಪನ ಕೈಗೆ ಸಿಕ್ಕಿತು. ಬದುವಿನುದ್ದಕ್ಕೂ ಚಪ್ಪಾಳೆ.

"ಸಿಕ್ತಲ್ಲಮ್ಮ, ಈಗಲಾದ್ರೂ ಇಳಿ," ಎಂದ ತರಬೇತುದಾರ ಹಗ್ಗದ ಮೇಲಿನ ಕಣ್ಣು ತೆಗೆಯದೆ.

ಆಮೇಲೆ ಬಂಡೆಯ ನಡುವಿಂದ ತುಂಬ ಗಂಭೀರವಾದ ದನಿ ಬಂತು.

"ಸಾರ್, ಕರು ಎಲ್ಲೂ ಕಾಣ್ತಿಲ್ಲ."

ನಾನು ಬದುವಿನ ಕಡೆ ನೋಡಿದೆ. ಅಪ್ಪ ಹಸು ಹಿಡಿದುಕೊಂಡು ಬರುತ್ತಿದ್ದರು. ಅವರ ಬೆನ್ನಿಗೇ ಕರು, ಬಾಲ ಎತ್ತಿಕೊಂಡು ಕುಣಿಯುತ್ತಾ ಬರುತ್ತಿತ್ತು.

"ಹೌದು ಸಾರ್," ಎಂದೆ. "ನನಗೂ ಕಾಣ್ತಿಲ್ಲ. ಇನ್ನೊಂದೈದು ನಿಮಿಷ ಅಲ್ಲೇ ಇರ್ಲಿ ಬಿಡಿ."